ವೋಕೋಡರ್‌ನಿಂದ ಎಲೆಕ್ಟ್ರೋಡ್‌ವರೆಗೆ: ಒಂದು ಶ್ರವಣ ಪ್ರಯೋಗದ ಹಾದಿ

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಕಿವಿಯ ಸುರುಳಿಯಾದ ಕಾಕ್ಲಿಯಾದಲ್ಲಿ ಎಲೆಕ್ಟ್ರೋಡ್‌ಗಳನ್ನಿಟ್ಟು ಸದ್ದನ್ನು ವಿದ್ಯುತ್ ಮಿಡಿತಗಳಾಗಿ ನರಕ್ಕೆ ತಲುಪಿಸುವ ಸಾಧನ, ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಸದ್ದಿಲ್ಲದ ಕೋಣೆಯಲ್ಲಿ ಎದುರು ಕೂತವರ ಮಾತು ಚೆನ್ನಾಗಿಯೇ ತಿಳಿಯುತ್ತದೆ. ಪಕ್ಕದಲ್ಲಿ ಫ್ಯಾನ್ ತಿರುಗತೊಡಗಿದರೆ, ಇನ್ನಿಬ್ಬರು ಬೇರೇನೋ ಮಾತಾಡತೊಡಗಿದರೆ ಅದೇ ಮಾತು ಕೈಜಾರುತ್ತದೆ. ಈ ತೊಂದರೆಗೆ ಧ್ವನಿ ಸಂಸ್ಕರಣೆಯ ಕಡೆಯಿಂದ ಏನು ಮಾಡಬಹುದೆಂದು ಹುಡುಕುವುದು ನಮ್ಮ ಕೆಲಸ. ಸದ್ದನ್ನು ಎಲೆಕ್ಟ್ರೋಡ್‌ಗಳ ಮಿಡಿತವಾಗಿಸುವ ಒಂದು ಹೊಸ ಕ್ರಮವನ್ನು ಕಂಪ್ಯೂಟರಿನಲ್ಲಿ ಬರೆದು, ಸಹಜವಾಗಿ ಕೇಳಿಸುವವರ ಮೇಲೆ ಪರೀಕ್ಷಿಸಿ, ಆಮೇಲೆ ಬಳಕೆದಾರರ ಎಲೆಕ್ಟ್ರೋಡ್‌ಗಳವರೆಗೆ ಒಯ್ಯುವ ಹಾದಿಯನ್ನು ಇಲ್ಲಿ ಬರೆದಿದ್ದೇವೆ. ಇದೇ ಹಾದಿ ಹಿಡಿಯುವವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ: ಇಲ್ಲಿ ಫಲಿತಾಂಶ ಕೆಡುವುದು ಹೆಚ್ಚಾಗಿ ಕ್ರಮದ ಗಣಿತದಲ್ಲಲ್ಲ, ಮಟ್ಟಗಳಲ್ಲಿ. ಯಾವ ಸದ್ದು ಎಷ್ಟು ದೊಡ್ಡದಾಗಿ ಒಳಹೋಯಿತು, ಎಷ್ಟು ಕರೆಂಟ್ ಆಗಿ ಹೊರಬಂತು ಎಂಬ ಲೆಕ್ಕ ಜಾರಿದರೆ ಒಳ್ಳೆಯ ವಿಚಾರವೂ ಕೆಟ್ಟದ್ದಾಗಿ ಕಾಣುತ್ತದೆ, ಕೆಟ್ಟ ವಿಚಾರವೂ ಗೆದ್ದಂತೆ ತೋರುತ್ತದೆ.

ನಾವು ಹೋಲಿಕೆಗೆ ಆಧಾರವಾಗಿ ಇಟ್ಟುಕೊಂಡದ್ದು ನ್ಯೂಕ್ಲಿಯಸ್ ಇಂಪ್ಲಾಂಟ್‌ಗಳಲ್ಲಿ ಬಳಕೆಯಲ್ಲಿರುವ ಏಸ್ (ಎಸಿಇ) ಎಂಬ ಕ್ರಮ. ಮೈಕ್‌ನಿಂದ ಬಂದ ಸದ್ದನ್ನು ಸುಮಾರು 16 ಕಿಲೋಹರ್ಟ್ಸ್ ದರದಲ್ಲಿ ಅಂಕಿಗಳಾಗಿಸಿ, 128 ಅಂಕಿಗಳ ಕಿಟಕಿಗೆ, ಅಂದರೆ 8 ಮಿಲಿಸೆಕೆಂಡಿಗೆ, ಎಫ್‌ಎಫ್‌ಟಿ ಮಾಡುತ್ತದೆ, ಅಂದರೆ ಸದ್ದನ್ನು ಅದರ ಆವೃತ್ತಿಗಳಾಗಿ ಬಿಡಿಸುತ್ತದೆ. 188ರಿಂದ 7938 ಹರ್ಟ್ಸ್‌ವರೆಗಿನ ಭಾಗ 22 ಬ್ಯಾಂಡ್‌ಗಳಾಗಿ (ಆವೃತ್ತಿ ಪಟ್ಟಿಗಳಾಗಿ), ಎಲೆಕ್ಟ್ರೋಡ್‌ಗೆ ಒಂದರಂತೆ, ಹಂಚಿಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಶಕ್ತಿ ಹೆಚ್ಚಿರುವ ಬ್ಯಾಂಡ್‌ಗಳನ್ನು, ಸಾಮಾನ್ಯವಾಗಿ 8ನ್ನು, ಆರಿಸಿ ಆ ಎಲೆಕ್ಟ್ರೋಡ್‌ಗಳಿಗಷ್ಟೇ ಪಲ್ಸ್ (ಕ್ಷಣಿಕ ವಿದ್ಯುತ್ ಮಿಡಿತ) ಕಳಿಸುತ್ತದೆ. ಪಲ್ಸ್‌ಗಳು ಒಂದಾದ ಮೇಲೊಂದು ಹೋಗುತ್ತವೆ, ಎರಡು ಎಲೆಕ್ಟ್ರೋಡ್‌ಗಳು ಒಟ್ಟಿಗೆ ಮಿಡಿಯುವುದಿಲ್ಲ. ಕಾಕ್ಲಿಯಾದೊಳಗಿನ ದ್ರವ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಒಟ್ಟಿಗೆ ಕೊಟ್ಟರೆ ಎರಡರ ಕ್ಷೇತ್ರಗಳೂ ಬೆರೆತುಹೋಗುತ್ತವೆ. ಪಲ್ಸ್‌ಗಳನ್ನು ಹೀಗೆ ಸರದಿಯಲ್ಲಿ ಕೊಡುವ ಸಿಐಎಸ್ ಕ್ರಮವನ್ನು ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು 1991ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿನ ಕ್ರಮಗಳಲ್ಲಿ ಬಹುಪಾಲು ಅದರ ಸಂತತಿಯೇ.

ಏಸ್‌ನ ದೌರ್ಬಲ್ಯ ಅದರ ಆಯ್ಕೆಯಲ್ಲೇ ಇದೆ. ಶಕ್ತಿ ಹೆಚ್ಚಿರುವುದನ್ನು ಆರಿಸು ಎಂದರೆ ಅದು ಮಾತಿನದೋ ಗದ್ದಲದ್ದೋ ಎಂದು ನೋಡುವುದಿಲ್ಲ. ಪದದೊಳಗಿನ ಸಣ್ಣ ಮೌನಗಳಲ್ಲಿ, ವ್ಯಂಜನದ ಮುಂಚಿನ ತಡೆಯಲ್ಲಿ ಎಂಟಕ್ಕೆ ಎಂಟೂ ಗದ್ದಲದ ಚಾನೆಲ್‌ಗಳೇ (ಬ್ಯಾಂಡ್ ಮತ್ತು ಅದರ ಎಲೆಕ್ಟ್ರೋಡ್ ಸೇರಿ ಒಂದು ಚಾನೆಲ್) ಆಯ್ಕೆಯಾಗಿ ಪದಗಳ ಅಂಚು ಅಳಿಸಿಹೋಗುತ್ತದೆ. ಹೂ ಮತ್ತು ಫಿಲಿಪೋಸ್ ಲೊಯಿಜು 2008ರಲ್ಲಿ ತೋರಿಸಿದ್ದು ಇದಕ್ಕೆ ಪರ್ಯಾಯ: ಆಯ್ಕೆಯನ್ನು ಶಕ್ತಿಯ ಬದಲು ಮಾತು–ಗದ್ದಲದ ಅನುಪಾತದ ಮೇಲೆ ಮಾಡಿ, ಅನುಪಾತ 0 ಡೆಸಿಬಲ್‌ಗಿಂತ ಮೇಲಿರುವ ಚಾನೆಲ್‌ಗಳನ್ನಷ್ಟೇ ಉಳಿಸಿಕೊಳ್ಳುವುದು. ಮಾತು ಯಾವುದು, ಗದ್ದಲ ಯಾವುದು ಎಂದು ಮೊದಲೇ ಬೇರೆಬೇರೆಯಾಗಿ ಗೊತ್ತಿದ್ದ ಆದರ್ಶ ಸ್ಥಿತಿಯಲ್ಲಿ ಬಳಕೆದಾರರ ಗ್ರಹಿಕೆ ಸದ್ದಿಲ್ಲದ ಕೋಣೆಯ ಮಟ್ಟಕ್ಕೆ ಮರಳಿತು. ಗದ್ದಲ ಬೆರೆತ ಸದ್ದೊಂದೇ ಕೈಯಲ್ಲಿದ್ದಾಗ ಈ ಲಾಭದಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದು ಎಂಬುದೇ ನಮ್ಮ ಪ್ರಶ್ನೆ.

ಮೊದಲು ವೋಕೋಡರ್. ಇಂಪ್ಲಾಂಟ್ ಮೂಲಕ ಸಾಗುವ ಮಾಹಿತಿಯನ್ನು ಸಹಜ ಕಿವಿಗೆ ಕೇಳಿಸುವ ಅನುಕರಣೆ ಇದು. ಶ್ಯಾನನ್ ಮತ್ತು ಸಂಗಡಿಗರು 1995ರಲ್ಲಿ ಕೇವಲ 4 ಬ್ಯಾಂಡ್‌ಗಳ ಗದ್ದಲ ವೋಕೋಡರ್‌ನಿಂದಲೂ ಸರಳ ವಾಕ್ಯಗಳು ಅರ್ಥವಾಗುತ್ತವೆ ಎಂದು ತೋರಿಸಿದ ಮೇಲೆ ಈ ಕ್ಷೇತ್ರದ ಬಹುತೇಕ ಹೊಸ ವಿಚಾರಗಳು ಇದೇ ಬಾಗಿಲಿನಿಂದ ಒಳಬರುತ್ತವೆ. ಕಟ್ಟುವುದು ಸುಲಭ: 1200 ಹರ್ಟ್ಸ್‌ನಿಂದ ಮೇಲಕ್ಕೆ ಸ್ವಲ್ಪ ಎತ್ತಿಕೊಡುವ ಮುನ್ನೊತ್ತು, ಬ್ಯಾಂಡ್ ಫಿಲ್ಟರ್‌ಗಳು, ಪ್ರತಿ ಬ್ಯಾಂಡಿನ ಋಣ ಭಾಗವನ್ನು ಧನವಾಗಿಸುವುದು, 160 ಹರ್ಟ್ಸ್‌ನ ಲೋ–ಪಾಸ್ ಫಿಲ್ಟರ್‌ನಿಂದ ಎನ್ವಲಪ್, ಅಂದರೆ ಸದ್ದಿನ ನಿಧಾನ ಏರಿಳಿತದ ಹೊರರೇಖೆ, ತೆಗೆಯುವುದು, ಆ ಎನ್ವಲಪ್‌ನಿಂದ ಗದ್ದಲವನ್ನು ಗುಣಿಸಿ ಮತ್ತೆ ಅದೇ ಬ್ಯಾಂಡ್ ಫಿಲ್ಟರ್ ಹಾಯಿಸಿ ಎಲ್ಲವನ್ನೂ ಕೂಡಿಸುವುದು.

ಸುಲಭವೆಂದೇ ಇಲ್ಲಿ ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ. ಗುಣಿಸಿದ ಮೇಲೆ ಎರಡನೇ ಸಲ ಫಿಲ್ಟರ್ ಹಾಯಿಸದಿದ್ದರೆ ಪ್ರತಿ ಚಾನೆಲ್ಲೂ ಪಕ್ಕದ್ದಕ್ಕೆ ಚೆಲ್ಲುತ್ತದೆ. ಕೆಳಗಿನ ಬ್ಯಾಂಡ್‌ಗಳು 125 ಹರ್ಟ್ಸ್‌ನಷ್ಟೇ ಅಗಲ. 44.1 ಕಿಲೋಹರ್ಟ್ಸ್ ದರದಲ್ಲಿ ಅಷ್ಟು ಕಿರಿದಾದ, ದರ್ಜೆ ಹೆಚ್ಚಿನ ಫಿಲ್ಟರನ್ನು ಒಂದೇ ಉದ್ದನೆಯ ಗುಣಕಗಳ ಸಾಲಾಗಿ ಬರೆದರೆ ಅಂಕಿಗಳ ನಿಖರತೆ ಸಾಲದೆ ಫಿಲ್ಟರ್ ಅಸ್ಥಿರವಾಗುತ್ತದೆ, ಎರಡನೇ ದರ್ಜೆಯ ತುಂಡುಗಳ ಸರಣಿಯಾಗಿ ಬರೆಯಬೇಕು. ಮುಂದಕ್ಕೂ ಹಿಂದಕ್ಕೂ ಹಾಯಿಸಿ ವಿಳಂಬ ತೆಗೆಯುವ ವಿಧಾನ ಬಳಸಿದರೆ ಫಿಲ್ಟರ್ ಎರಡು ಸಲ ಕೆಲಸ ಮಾಡುತ್ತದೆ. ಅಂಚಿನಲ್ಲಿ 3 ಡೆಸಿಬಲ್ ಇಳಿಯಬೇಕಿದ್ದದ್ದು 6 ಇಳಿಯುತ್ತದೆ, ವರದಿಯಲ್ಲಿ ಬರೆದ ದರ್ಜೆ ಸುಳ್ಳಾಗುತ್ತದೆ. ಗದ್ದಲದ ಬದಲು ಸೈನ್ ತರಂಗವನ್ನು ಗುಣಿಸಿದರೆ ಸದ್ದು ಸ್ವಚ್ಛವಾಗುತ್ತದೆ, ನಿಜ. ಆದರೆ ಎನ್ವಲಪ್‌ನಲ್ಲಿ 160 ಹರ್ಟ್ಸ್‌ವರೆಗೆ ಬಿಟ್ಟುಕೊಂಡಿದ್ದರೆ ಗಂಡು ದನಿಯ 120 ಹರ್ಟ್ಸ್ ಸುಮಾರಿನ ಮೂಲ ಆವೃತ್ತಿ ಸೈನ್ ತರಂಗದ ಎರಡೂ ಬದಿ ಪಟ್ಟಿಗಳಾಗಿ ಮೂಡುತ್ತದೆ. ಸಹಜ ಕಿವಿ ಅವನ್ನು ಬೇರ್ಪಡಿಸಿ ಸ್ವರವಾಗಿ ಕೇಳಿಬಿಡುತ್ತದೆ. ಇಂಪ್ಲಾಂಟ್‌ನಲ್ಲಿ ಆ ಸೌಲಭ್ಯವಿಲ್ಲ. ಸೈನ್ ಬಳಸಲೇಬೇಕಾದಾಗ ನಾವು ಎನ್ವಲಪ್‌ನ ಮಿತಿಯನ್ನು 50 ಹರ್ಟ್ಸ್‌ಗೆ ಇಳಿಸುತ್ತೇವೆ.

ವೋಕೋಡರ್ ಇಂಪ್ಲಾಂಟಿಗಿಂತ ಉದಾರಿ ಎಂಬುದನ್ನು ಮರೆಯಬಾರದು. 22 ಎಲೆಕ್ಟ್ರೋಡ್‌ಗಳಿದ್ದರೂ ಕರೆಂಟ್ ಹರಡುವುದರಿಂದ ಬಳಕೆದಾರರಿಗೆ ನಿಜಕ್ಕೂ ದಕ್ಕುವ ಸ್ವತಂತ್ರ ಚಾನೆಲ್‌ಗಳು ಸುಮಾರು 8. ಸ್ಥಾನದ ಪ್ರಶ್ನೆಯೂ ಇದೆ. ಕಾಕ್ಲಿಯಾದ ಯಾವ ಜಾಗ ಯಾವ ಆವೃತ್ತಿಗೆ ಎಂಬುದಕ್ಕೆ ಗ್ರೀನ್‌ವುಡ್ ಸೂತ್ರವಿದೆ: ಕಾಕ್ಲಿಯಾದ ಒಳತುದಿಯಿಂದ ಅಳೆದ ದೂರವನ್ನು ಒಟ್ಟು ಉದ್ದದ ಭಾಗವಾಗಿ ತೆಗೆದುಕೊಂಡು 2.1ರಿಂದ ಗುಣಿಸಿ, 10ರ ಘಾತವಾಗಿಸಿ, 0.88 ಕಳೆದು, 165.4ರಿಂದ ಗುಣಿಸಿದರೆ ಹರ್ಟ್ಸ್ ಸಿಗುತ್ತದೆ. 35 ಮಿಲಿಮೀಟರ್ ಉದ್ದದ ಕಾಕ್ಲಿಯಾದಲ್ಲಿ ಎಲೆಕ್ಟ್ರೋಡ್ 25 ಮಿಲಿಮೀಟರ್ ಒಳಹೋಗಿದ್ದರೆ ಅದರ ತುದಿ ಕೂತಿರುವುದು ಸುಮಾರು 510 ಹರ್ಟ್ಸ್‌ನ ಜಾಗದಲ್ಲಿ, ಅದಕ್ಕೆ ನಾವು ಕಳಿಸುತ್ತಿರುವುದು 250ರ ಸುಮಾರಿನ ಬ್ಯಾಂಡ್. ವೋಕೋಡರ್‌ನಲ್ಲಿ ಇಂಥ ಸ್ಥಾನಾಂತರ ಮಾಡಿದ ಕೂಡಲೇ ಕೇಳುಗರ ಅಂಕ ಕುಸಿಯುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ರೋಸೆನ್, ಫಾಕ್‌ನರ್, ವಿಲ್ಕಿನ್ಸನ್ 1999ರಲ್ಲಿ ಸುಮಾರು 6.5 ಮಿಲಿಮೀಟರ್‌ನಷ್ಟು ಸರಿಸಿದ ಮಾತನ್ನು ಮೊದಲು ಒಂದಿಷ್ಟೂ ಹಿಡಿಯಲಾಗದಿದ್ದ ಕೇಳುಗರು 20 ನಿಮಿಷಗಳ 9 ಅಭ್ಯಾಸ ಅವಧಿಗಳಲ್ಲಿ ಗಮನಾರ್ಹವಾಗಿ ಸುಧಾರಿಸಿದ್ದನ್ನು ದಾಖಲಿಸಿದ್ದಾರೆ. ಅಭ್ಯಾಸವಿಲ್ಲದ ಕೇಳುಗರಿಂದ ಪಡೆದ ಅಂಕವನ್ನು ಹಿಡಿದು ಒಂದು ವಿಚಾರವನ್ನು ಕೈಬಿಡಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಪರೀಕ್ಷೆಗೆ ಯಾವ ಮಾತನ್ನು ಬಳಸಬೇಕು? ವಾಕ್ಯಗಳಷ್ಟೇ ಸಾಲದು, ಏಕೆಂದರೆ ಅರ್ಥದ ಆಸರೆಯಿಂದ ಕೇಳದ ಪದವನ್ನೂ ತುಂಬಿಕೊಳ್ಳಬಹುದು. ಕನ್ನಡದಲ್ಲಿ ಪರೀಕ್ಷಿಸುವಾಗ ಒಂದೇ ಒಂದು ಲಕ್ಷಣದಲ್ಲಿ ಬೇರೆಯಾಗುವ ಜೋಡಿಗಳನ್ನು ಸೇರಿಸಿಕೊಂಡರೆ ಕ್ರಮ ಎಲ್ಲಿ ಸೋಲುತ್ತಿದೆ ಎಂದು ನೇರವಾಗಿ ಕಾಣುತ್ತದೆ. ‘ಬಿಡು–ಬೀಡು’, ‘ಬಲೆ–ಬಲ್ಲೆ’ ಇವು ಕಾಲದ ಅಳತೆಯಿಂದ ಬೇರೆಯಾಗುವಂಥವು, ಎನ್ವಲಪ್‌ನಲ್ಲೇ ಉಳಿಯುತ್ತವೆ, 4 ಚಾನೆಲ್‌ಗಳಲ್ಲೂ ಗುರುತು ಸಿಗುತ್ತದೆ. ‘ಕಾಳಿ–ಗಾಳಿ’, ‘ತಾಳಿ–ದಾಳಿ’ಗಳಲ್ಲಿ ಘೋಷದ ಗುರುತು ಕೆಳಗಿನ ಬ್ಯಾಂಡ್‌ಗಳ ಶಕ್ತಿಯಲ್ಲಿದೆ. ಗದ್ದಲವೂ ಅಲ್ಲೇ ದಟ್ಟವಾಗಿದ್ದರೆ ಮೊದಲು ಹೋಗುವುದು ಇದೇ. ಎಲ್ಲಕ್ಕಿಂತ ಕಠಿಣವಾದವು ‘ಕತ್ತೆ–ಕಟ್ಟೆ’, ‘ಹುಲಿ–ಹುಳಿ’, ‘ಮನೆ–ಮಣೆ’. ನಾಲಗೆ ಮೇಲಕ್ಕೆ ಮಡಚಿದಾಗ ಮೂರನೇ ಫಾರ್ಮಂಟ್ (ಬಾಯಿಯ ಆಕಾರದಿಂದಾಗಿ ಶಕ್ತಿ ಹೆಚ್ಚುವ ಆವೃತ್ತಿ) ಕೆಳಗಿಳಿಯುತ್ತದೆ. ಆ ಇಳಿತ 2ರಿಂದ 3 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲವು ನೂರು ಹರ್ಟ್ಸ್‌ನದು. ಏಸ್‌ನ ಬ್ಯಾಂಡ್‌ಗಳು ಅಲ್ಲಿ ಆಗಲೇ ಅಗಲವಾಗಿರುತ್ತವೆ, ಇಡೀ ಇಳಿತ ಒಂದೇ ಬ್ಯಾಂಡಿನೊಳಗೆ ಮುಗಿದುಹೋಗಬಹುದು. ಇಂಗ್ಲಿಷ್ ವಾಕ್ಯಗಳ ಮೇಲೆ ಗೆದ್ದ ಕ್ರಮವೊಂದನ್ನು ಮೂರ್ಧನ್ಯ ಧ್ವನಿಗಳಿರುವ ಭಾಷೆಗಳಲ್ಲಿ ಹಾಗೆಯೇ ನಂಬುವುದು ಸರಿಯಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಗದ್ದಲ ಬೆರೆಸುವುದು ಒಂದು ಸಾಲಿನ ಪ್ರೋಗ್ರಾಂ, ಆದರೆ ಅನುಪಾತ ಜಾರುವುದೂ ಆ ಸಾಲಿನಲ್ಲೇ. ಮಾತಿನ ಕಡತದ ಅರ್ಧ ಭಾಗ ಮೌನವಿದ್ದರೆ ಇಡೀ ಕಡತದ ಸರಾಸರಿ ಶಕ್ತಿ ಅರ್ಧವಾಗುತ್ತದೆ, 0 ಡೆಸಿಬಲ್ ಎಂದುಕೊಂಡದ್ದು ನಿಜಕ್ಕೂ +3 ಆಗಿರುತ್ತದೆ. ಮೌನಗಳನ್ನು ಬಿಟ್ಟು ಮಾತಿರುವ ಭಾಗದ ಶಕ್ತಿಯನ್ನಷ್ಟೇ ಅಳೆಯಬೇಕು. ಒಂದೇ ಸಮನಾದ ಗದ್ದಲವನ್ನು ಅದೇ ವಾಕ್ಯಗಳ ದೀರ್ಘಾವಧಿ ವರ್ಣಪಟಲಕ್ಕೆ ಹೊಂದಿಸಿ ಮಾಡಿಕೊಳ್ಳುತ್ತೇವೆ. ಜೊತೆಗೆ ಹಲವರು ಒಟ್ಟಿಗೆ ಮಾತಾಡುವ ಗದ್ದಲವನ್ನೂ ಇಡುತ್ತೇವೆ. ಸಹಜ ಕಿವಿ ಏರಿಳಿಯುವ ಗದ್ದಲದ ಸಂದುಗಳಲ್ಲಿ ಮಾತನ್ನು ಹೆಕ್ಕಿಕೊಳ್ಳುತ್ತದೆ, ಇಂಪ್ಲಾಂಟ್ ಬಳಕೆದಾರರಿಗೆ ಆ ಲಾಭ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಅನುಪಾತವನ್ನು ಅಂದಾಜಿಸುವ ಭಾಗ. ಆದರ್ಶ ಆಯ್ಕೆಯಿಂದ ವಾಸ್ತವಕ್ಕೆ ಇಳಿದಾಗ ಎರಡು ಬಗೆಯ ತಪ್ಪುಗಳಾಗುತ್ತವೆ: ಮಾತಿರುವ ಚಾನೆಲ್ ಕೈಬಿಟ್ಟುಹೋಗುವುದು, ಗದ್ದಲದ ಚಾನೆಲ್ ಉಳಿದುಬಿಡುವುದು. ಎರಡನ್ನೂ ಸೇರಿಸಿ ಒಂದೇ ಶೇಕಡಾವಾರು ಅಂಕ ಕೊಟ್ಟರೆ ಏನೂ ತಿಳಿಯುವುದಿಲ್ಲ. ಬೇರೆಬೇರೆಯಾಗಿ ಎಣಿಸಿ, ಅದೂ ವ್ಯಂಜನಗಳ ಆರಂಭದಲ್ಲಿ ಎಷ್ಟು ಎಂದು ನೋಡಬೇಕು. ಪುಸ್ತಕಗಳಿಂದ ಸ್ಥಿರಾಂಕಗಳನ್ನು ಎತ್ತಿಕೊಳ್ಳುವಾಗ ಆಗುವ ಅನಾಹುತ ಇಲ್ಲಿ ದೊಡ್ಡದು. ಹಿಂದಿನ ಚೌಕಟ್ಟಿನ (ಒಂದು ಸುತ್ತಿಗೆ ತೆಗೆದುಕೊಂಡ ಸದ್ದಿನ ತುಣುಕಿನ) ಅಂದಾಜನ್ನು 0.98ರಷ್ಟು, ಹೊಸದನ್ನು 0.02ರಷ್ಟು ಬೆರೆಸುವುದು ಪ್ರಚಲಿತ ವಿಧಾನ. ಚೌಕಟ್ಟು 8 ಮಿಲಿಸೆಕೆಂಡಿಗೊಮ್ಮೆ ಬಂದರೆ ಈ 0.98 ಎಂದರೆ ಸುಮಾರು 400 ಮಿಲಿಸೆಕೆಂಡಿನ ನೆನಪು, ಸೆಕೆಂಡಿಗೆ 900 ಸಲ ಬಂದರೆ ಸುಮಾರು 55. ಅಂಕಿ ಅದೇ, ನಡವಳಿಕೆ ಏಳು ಪಟ್ಟು ಬೇರೆ. ನೆನಪು ಉದ್ದವಾದರೆ ‘ತ’, ‘ಟ’ಗಳ ಸ್ಫೋಟ ಮುಗಿದು ಹೋದ ಮೇಲೆ ಚಾನೆಲ್ ತೆರೆಯುತ್ತದೆ. ತೀರಾ ಚಿಕ್ಕದಾದರೆ ಚಾನೆಲ್‌ಗಳು ಮಿಣಮಿಣ ಎಂದು ತೆರೆದು ಮುಚ್ಚಿ, ಬಳಕೆದಾರರಿಗೆ ನೀರು ಗುಳುಗುಳಿಸಿದಂತೆ ಕೇಳುತ್ತದೆ. ಸ್ಥಿರಾಂಕವನ್ನು ಯಾವಾಗಲೂ ಮಿಲಿಸೆಕೆಂಡಿನಲ್ಲಿ ಬರೆದಿಟ್ಟು ಚೌಕಟ್ಟಿನ ದರದಿಂದ ಲೆಕ್ಕ ಹಾಕುವುದು ಕ್ಷೇಮ.

ವೋಕೋಡರ್ ಪರೀಕ್ಷೆಯಲ್ಲಿ ನಿಂತ ರೂಪವನ್ನಷ್ಟೇ ಎಲೆಕ್ಟ್ರೋಡ್‌ಗಳಿಗೆ ಒಯ್ಯುತ್ತೇವೆ. ಇದಕ್ಕೆ ತಯಾರಕರು ಸಂಶೋಧಕರಿಗೆಂದು ಕೊಡುವ ಇಂಟರ್‌ಫೇಸ್ ಬೇಕು. ನೈತಿಕ ಸಮಿತಿಯ ಒಪ್ಪಿಗೆ, ಬಳಕೆದಾರರ ಲಿಖಿತ ಸಮ್ಮತಿ, ಜೊತೆಗೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಇಲ್ಲದೆ ಈ ಹಂತಕ್ಕೆ ಕೈಹಾಕುವಂತೆಯೇ ಇಲ್ಲ.

ಮೊದಲ ಲೆಕ್ಕ ಕಾಲದ್ದು. ಪಲ್ಸ್‌ಗೆ ಎರಡು ಮುಖ: ಋಣ, ಧನ. ಒಂದೊಂದೂ 25 ಮೈಕ್ರೊಸೆಕೆಂಡ್, ನಡುವೆ 8ರ ಅಂತರ, ಒಟ್ಟು 58. ಎರಡೂ ಮುಖಗಳ ಚಾರ್ಜ್ ಸಮವಾಗಿರಬೇಕು, ಉಳಿಕೆ ಸೇರುತ್ತಾ ಹೋದರೆ ಅಂಗಾಂಶಕ್ಕೆ ಹಾನಿ. ಸೆಕೆಂಡಿಗೆ 900ರಂತೆ 8 ಚಾನೆಲ್ ಎಂದರೆ 7200 ಪಲ್ಸ್, ಒಂದಕ್ಕೆ ಸಿಗುವ ಸಮಯ ಸುಮಾರು 139 ಮೈಕ್ರೊಸೆಕೆಂಡ್, ಆರಾಮ. ಆದರೆ ಅನುಪಾತದ ಮೇಲೆ ಆರಿಸುವ ಕ್ರಮದಲ್ಲಿ ಎಷ್ಟು ಚಾನೆಲ್ ಆಯ್ಕೆಯಾಗುತ್ತವೆ ಎಂಬುದಕ್ಕೆ ಮಿತಿಯಿಲ್ಲ. ಮಾತು ಸ್ಪಷ್ಟವಾಗಿರುವಾಗ 22ಕ್ಕೆ 22ೂ ಗೆದ್ದರೆ 19,800 ಪಲ್ಸ್, ಒಂದಕ್ಕೆ ಸುಮಾರು 50 ಮೈಕ್ರೊಸೆಕೆಂಡ್. 58 ಅದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಅನುಪಾತದ ಪರೀಕ್ಷೆ ದಾಟಿದವುಗಳಲ್ಲಿ ಶಕ್ತಿ ಹೆಚ್ಚಿರುವ 8ಕ್ಕೆ ಮಿತಿ ಹಾಕುವುದು ಅನಿವಾರ್ಯ. ತದ್ವಿರುದ್ಧ ಸ್ಥಿತಿಯೂ ಇದೆ: ಒಂದೂ ಗೆಲ್ಲದಿದ್ದರೆ ಕಳಿಸಲು ಏನೂ ಇರುವುದಿಲ್ಲ. ಒಳಗಿನ ಚಿಪ್‌ಗೆ ವಿದ್ಯುತ್ ಸಿಗುವುದೂ ಚರ್ಮದ ಹೊರಗಿನ ಕಾಯಿಲ್‌ನ ರೇಡಿಯೊ ಸಂಕೇತದಿಂದಲೇ. ದೀರ್ಘ ಮೌನವಾದರೆ ಅದು ಆರಿಹೋಗುತ್ತದೆ. ಉದ್ದೀಪನವಿಲ್ಲದ ಖಾಲಿ ಚೌಕಟ್ಟುಗಳನ್ನು ಕಳಿಸುತ್ತಲೇ ಇರಬೇಕು.

ಎಲೆಕ್ಟ್ರೋಡ್ ಸಂಖ್ಯೆಗಳನ್ನು ಕೈಯಾರೆ ಪರಿಶೀಲಿಸಿ. ನ್ಯೂಕ್ಲಿಯಸ್‌ನಲ್ಲಿ 22 ಎಂದರೆ ಕಾಕ್ಲಿಯಾದ ತುದಿ, ಅಂದರೆ ಕೆಳ ಆವೃತ್ತಿ. ಮೆಡ್‌ಎಲ್ ಮತ್ತು ಅಡ್ವಾನ್ಸ್‌ಡ್ ಬಯೋನಿಕ್ಸ್ ಎಂಬ ಬೇರೆ ತಯಾರಕರ ಸಾಧನಗಳಲ್ಲಿ ತುದಿಯಿಂದ 1 ಶುರು. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದಕ್ಕೆ ಹೋದರೆ ಇಡೀ ವರ್ಣಪಟಲ ತಲೆಕೆಳಗಾಗುತ್ತದೆ. ಎನ್ವಲಪ್‌ನ ಲಯ ಹಾಗೇ ಉಳಿಯುವುದರಿಂದ ಕೇಳಲು ಮಾತಿನಂತೆಯೇ ಇರುತ್ತದೆ, ಪದ ಮಾತ್ರ ಸಿಗುವುದಿಲ್ಲ. ಕೆಲವರಲ್ಲಿ ಒಂದೆರಡು ಎಲೆಕ್ಟ್ರೋಡ್‌ಗಳನ್ನು ಮುಚ್ಚಿರುತ್ತಾರೆ, ಮುಖದ ಸ್ನಾಯು ಅದುರುವುದಕ್ಕೋ ಎಲೆಕ್ಟ್ರೋಡ್ ಕಾಕ್ಲಿಯಾದ ಹೊರಗುಳಿದಿರುವುದಕ್ಕೋ. 20 ಉಳಿದಿದ್ದರೆ ಬ್ಯಾಂಡ್‌ಗಳನ್ನೂ 20ಕ್ಕೆ ಹಂಚಬೇಕು. ಮುಚ್ಚಿದ್ದನ್ನು ಸುಮ್ಮನೆ ಹಾರಿಸಿದರೆ ಅಷ್ಟು ಆವೃತ್ತಿಯೇ ಇಲ್ಲವಾಗುತ್ತದೆ.

ಆಮೇಲೆ ಮಟ್ಟ, ನಾವು ಅತಿ ಹೆಚ್ಚು ಸಮಯ ಕೊಡುವ ಜಾಗ. ಬಳಕೆದಾರರ ಮ್ಯಾಪ್‌ನಲ್ಲಿ, ಅಂದರೆ ಅವರವರಿಗೆ ಹೊಂದಿಸಿಟ್ಟ ಮಟ್ಟಗಳ ಪಟ್ಟಿಯಲ್ಲಿ, ಪ್ರತಿ ಎಲೆಕ್ಟ್ರೋಡ್‌ಗೂ ಎರಡು ಅಂಕಿಗಳಿರುತ್ತವೆ: ಕೇಳಿಸತೊಡಗುವ ಟಿ ಮಟ್ಟ, ದೊಡ್ಡದಾದರೂ ಹಿತವಾಗಿರುವ ಸಿ ಮಟ್ಟ. ಅವು 0ಯಿಂದ 255ರವರೆಗಿನ ಹೆಜ್ಜೆಗಳು. ನ್ಯೂಕ್ಲಿಯಸ್‌ನ ಫ್ರೀಡಂ ಪೀಳಿಗೆಯ ಚಿಪ್‌ನಲ್ಲಿ 0 ಎಂದರೆ 17.5 ಮೈಕ್ರೊಆಂಪಿಯರ್, 255 ಎಂದರೆ 1750. ಒಂದೊಂದು ಹೆಜ್ಜೆಗೂ ಕರೆಂಟ್ ಸುಮಾರು 1.8 ಶೇಕಡಾ ಏರುತ್ತದೆ. ಬೇರೆ ಪೀಳಿಗೆಗೆ ಬೇರೆ ಸೂತ್ರವಿರುವುದರಿಂದ ಚಿಪ್ ಯಾವುದೆಂದು ನೋಡದೆ ಮೈಕ್ರೊಆಂಪಿಯರ್‌ಗೆ ಪರಿವರ್ತಿಸಬಾರದು. ಬ್ಯಾಂಡಿನ ಎನ್ವಲಪ್ ಈ ಎರಡರ ನಡುವೆ ಲಾಗ್ ವಕ್ರರೇಖೆಯ ಮೂಲಕ ಕೂರುತ್ತದೆ. ನಾವು ಬಳಸುವ ಆರಂಭಿಕ ಬೆಲೆಗಳಲ್ಲಿ 256ಕ್ಕೆ 4ರ ಕೆಳಗಿನದು ಕೇಳಿಸುವುದಿಲ್ಲ, 256ಕ್ಕೆ 150ರ ಮೇಲಿನದೆಲ್ಲ ಸಿ ಮಟ್ಟದಲ್ಲೇ ಚಪ್ಪಟೆಯಾಗುತ್ತದೆ. ನಡುವಿನ ಹರವು 31 ಡೆಸಿಬಲ್ ಮಾತ್ರ. ಧ್ವನಿಮುದ್ರಣವನ್ನು −1ರಿಂದ 1ರ ಅಂಕಿಗಳಾಗಿ ಓದಿ ನೇರವಾಗಿ ಒಳಬಿಟ್ಟರೆ ಮೆಲುದನಿಯ ಕಡತ ತಳಕ್ಕೆ ಬಿದ್ದು ‘ಸ’, ‘ಶ’ಗಳು ಮಾಯವಾಗುತ್ತವೆ, ದೊಡ್ಡ ಕಡತ ಮೇಲಿನ ಮಿತಿಗೆ ಬಡಿದು ಸ್ವರಗಳೆಲ್ಲ ಒಂದೇ ಎತ್ತರಕ್ಕೆ ಬರುತ್ತವೆ. 65 ಡೆಸಿಬಲ್‌ನ ಮಾತು ಪ್ರೋಗ್ರಾಂನೊಳಗೆ ಎಷ್ಟು ಎಂಬ ಒಂದು ಗುಣಕವನ್ನು ಮೊದಲೇ ನಿಶ್ಚಯಿಸಿ, ಎಲ್ಲ ಕಡತಗಳಿಗೂ ಅದನ್ನೇ ಬಳಸಬೇಕು.

ಗದ್ದಲ ತಗ್ಗಿಸುವ ಕ್ರಮಗಳ ಹೋಲಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ಕ್ರಮ ಚಾನೆಲ್‌ಗಳನ್ನು ಕಡಿಮೆ ಮಾಡುವುದರಿಂದ ಒಟ್ಟು ದನಿ ಮೆತ್ತಗಾಗುತ್ತದೆ. ಕೇಳುಗರು ದೊಡ್ಡದಾಗಿ ಕೇಳಿದ್ದನ್ನು ‘ಚೆನ್ನಾಗಿದೆ’ ಎನ್ನುವುದು ಸಹಜ. ಹಾಗಾಗಿ ಎರಡೂ ಕ್ರಮಗಳ ದನಿಯನ್ನು ಪ್ರತಿಯೊಬ್ಬರಿಗೂ ಮೊದಲು ಸರಿದೂಗಿಸುತ್ತೇವೆ. ಸರಿದೂಗಿಸದ ಹೋಲಿಕೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕೂತ ಕೂಡಲೇ ಮಾಡುವ ಕೆಲಸ ಎಲ್ಲ ಎಲೆಕ್ಟ್ರೋಡ್‌ಗಳ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಅಳೆಯುವುದು. ಯಾವುದರದಾದರೂ ಸಂಪರ್ಕ ಕಡಿದಿದೆಯೋ, ಎರಡು ಒಂದಕ್ಕೊಂದು ತಾಗಿವೆಯೋ ಎಂದು ಅಲ್ಲೇ ತಿಳಿಯುತ್ತದೆ. ಇಂಪೀಡೆನ್ಸ್ ಹೆಚ್ಚಿದ್ದರೆ ಬೇಕಾದ ಕರೆಂಟ್ ತಳ್ಳಲು ಚಿಪ್‌ನ ವೋಲ್ಟೇಜ್ ಸಾಲುವುದಿಲ್ಲ. 10 ಕಿಲೊಓಮ್‌ಗೆ 0.5 ಮಿಲಿಆಂಪಿಯರ್ ಎಂದರೆ ಆಗಲೇ 5 ವೋಲ್ಟ್. ಮಿತಿ ಮುಟ್ಟಿದ ಮೇಲೆ ಅಂಕಿ ಏರಿಸಿದರೂ ದನಿ ಏರುವುದಿಲ್ಲ. ಆಗ ಪಲ್ಸನ್ನು ಅಗಲ ಮಾಡಿ ಕರೆಂಟ್ ಇಳಿಸಬೇಕು, ಕಾಲದ ಲೆಕ್ಕವನ್ನು ಮತ್ತೆ ಹಾಕಬೇಕು. ಹೊಸ ಕ್ರಮವನ್ನು ಎಂದೂ ಪೂರ್ತಿ ಸಿ ಮಟ್ಟದಿಂದ ಶುರುಮಾಡುವುದಿಲ್ಲ. ಒಂದೊಂದಾಗಿ ಹಿತವೆನಿಸಿದ ಎಲೆಕ್ಟ್ರೋಡ್‌ಗಳು ಎಂಟು ಸೇರಿದಾಗ ಒಟ್ಟು ದನಿ ಬಹಳ ಹೆಚ್ಚಾಗುತ್ತದೆ. ಎಲ್ಲ ಸಿ ಮಟ್ಟಗಳನ್ನೂ 20 ಹೆಜ್ಜೆ ಇಳಿಸಿ, ಬಳಕೆದಾರರು ಕೈಸನ್ನೆ ಮಾಡಿದಂತೆ ಮೇಲೇರುತ್ತೇವೆ. ನಿಲ್ಲಿಸುವ ಗುಂಡಿ ಅವರ ಕೈಯಲ್ಲೇ ಇರುತ್ತದೆ, ಕಾಯಿಲ್ ಕಿತ್ತರೂ ಸದ್ದು ಆ ಕ್ಷಣ ನಿಲ್ಲುತ್ತದೆ ಎಂದು ಮೊದಲೇ ತೋರಿಸಿರುತ್ತೇವೆ. ಮಾತು ಪ್ರೋಗ್ರಾಂನಿಂದ ನೇರವಾಗಿ ಕಾಯಿಲ್‌ಗೆ ಹೋಗುವುದರಿಂದ ಕೋಣೆಯ ಪ್ರತಿಧ್ವನಿ, ಮೈಕ್, ಸ್ವಯಂಚಾಲಿತ ದನಿ ನಿಯಂತ್ರಣ ಯಾವುದೂ ನಡುವೆ ಬರುವುದಿಲ್ಲ.

ಅಂಕ ಪಡೆಯಲು ಅರ್ಧ ವಾಕ್ಯಗಳು ಸರಿಯಾಗುವ ಅನುಪಾತವನ್ನು ಹುಡುಕುತ್ತೇವೆ. ವಾಕ್ಯ ಸರಿಯಾದರೆ ಗದ್ದಲ ಏರುತ್ತದೆ, ತಪ್ಪಿದರೆ ಇಳಿಯುತ್ತದೆ. ಮೊದಲ ನಾಲ್ಕಕ್ಕೆ 4 ಡೆಸಿಬಲ್ ಹೆಜ್ಜೆ, ಆಮೇಲೆ 2. ಆ ನಾಲ್ಕನ್ನು ಬಿಟ್ಟು ಉಳಿದವುಗಳ ಸರಾಸರಿ. ಸ್ಥಿರ ಅನುಪಾತದಲ್ಲಿ ಶೇಕಡಾ ಎಣಿಸಿದರೆ ಒಬ್ಬರು ನೂರಕ್ಕೆ ಹತ್ತಿರ, ಇನ್ನೊಬ್ಬರು ಸೊನ್ನೆಗೆ ಹತ್ತಿರ ನಿಂತು ಕ್ರಮಗಳ ವ್ಯತ್ಯಾಸ ಕಾಣದೆ ಹೋಗುತ್ತದೆ. ಕ್ರಮಗಳ ಸರದಿಯನ್ನು ಕಂಪ್ಯೂಟರ್ ಕಲಸುತ್ತದೆ. ಈಗ ಯಾವುದು ನಡೆಯುತ್ತಿದೆ ಎಂದು ಅಂಕ ಬರೆಯುವವರಿಗೂ ಗೊತ್ತಿರುವುದಿಲ್ಲ. ಒಮ್ಮೆ ಕೇಳಿದ ವಾಕ್ಯಪಟ್ಟಿಯನ್ನು ಅದೇ ಕೇಳುಗರಿಗೆ ಮತ್ತೆ ಕೊಡುವಂತಿಲ್ಲ.

ಫಲಿತಾಂಶ ಗದ್ದಲದ ಬಗೆಗೆ ತಕ್ಕಂತೆ ಒಡೆಯುತ್ತದೆ. ಒಂದೇ ಸಮನಾದ ಗದ್ದಲದಲ್ಲಿ ಅನುಪಾತದ ಅಂದಾಜು ನಿಲ್ಲುತ್ತದೆ, ಬಳಕೆದಾರರಿಗೆ ಲಾಭ ಸ್ಪಷ್ಟ. ಹಲವರ ಮಾತಿನ ಗದ್ದಲದಲ್ಲಿ, ಗದ್ದಲವೂ ಮಾತೇ ಆಗಿರುವುದರಿಂದ ಅಂದಾಜು ಎಡವುತ್ತದೆ, ಲಾಭ ಕುಗ್ಗುತ್ತದೆ. ಒಂದೇ ಮೈಕ್‌ನಿಂದ ಇದನ್ನು ಬಿಡಿಸುವುದು ಕಷ್ಟ. ಎರಡು ಮೈಕ್‌ಗಳ ದಿಕ್ಕಿನ ಮಾಹಿತಿಯನ್ನು ಆಯ್ಕೆಗೆ ಸೇರಿಸುವುದು ಮುಂದಿನ ಹಾದಿ ಎಂದು ನಮಗನ್ನಿಸುತ್ತದೆ. ಜೋಡಿ ಪದಗಳಲ್ಲಿ ಸುಧಾರಣೆ ಮೊದಲು ಕಾಣುವುದು ಘೋಷ ಮತ್ತು ಕಾಲಮಾನದಲ್ಲಿ. ‘ತ–ಟ’ ಗೊಂದಲ ಆಯ್ಕೆ ಬದಲಿಸಿದ ಮಾತ್ರಕ್ಕೆ ಕರಗುವುದಿಲ್ಲ, ಏಕೆಂದರೆ ಅದರ ಮೂಲ ಗದ್ದಲವಲ್ಲ, ಬ್ಯಾಂಡಿನ ಅಗಲ.

ಹೊಸ ಕ್ರಮ ಮೊದಲ ದಿನ ಹಳೆಯದಕ್ಕಿಂತ ಸ್ವಲ್ಪ ಹಿಂದೆ ಬಿದ್ದರೂ ಅದನ್ನು ಸೋಲೆಂದು ಬರೆಯಬಾರದು. ಎದುರಿಗಿರುವವರು ವರ್ಷಗಟ್ಟಲೆ ಏಸ್ ಕೇಳಿಕೊಂಡೇ ಮಾತು ಕಲಿತಿರುತ್ತಾರೆ. ಹೊತ್ತೊಯ್ಯಬಲ್ಲ ಸಂಶೋಧನಾ ಪ್ರೊಸೆಸರ್ ಇದ್ದರೆ ಕೆಲವು ವಾರ ಮನೆಯಲ್ಲಿ ಬಳಸಲು ಕೊಟ್ಟು, ಆಮೇಲೆ ಅಳೆದು, ಹಳೆಯದಕ್ಕೆ ಮರಳಿಸಿ ಮತ್ತೊಮ್ಮೆ ಅಳೆಯಬೇಕು. ಪ್ರತಿ ಅವಧಿಯ ಕೊನೆಗೆ ಬಳಕೆದಾರರ ಸ್ವಂತ ಪ್ರೊಸೆಸರನ್ನು ತೊಡಿಸಿ, ಇಂಪೀಡೆನ್ಸನ್ನು ಮತ್ತೆ ಅಳೆದು, ಬಂದಾಗ ಕೇಳುತ್ತಿದ್ದಂತೆಯೇ ಕೇಳುತ್ತಿದೆಯೇ ಎಂದು ಅವರಿಂದಲೇ ಖಚಿತಪಡಿಸಿಕೊಂಡ ಮೇಲೆಯೇ ಕಡತ ಮುಚ್ಚುತ್ತೇವೆ. ಆ ಕಡತದಲ್ಲಿ ಅಂಕಗಳ ಜೊತೆಗೆ ಚಿಪ್‌ನ ಪೀಳಿಗೆ, ಬಳಕೆಯಲ್ಲಿದ್ದ ಎಲೆಕ್ಟ್ರೋಡ್‌ಗಳು, ಪ್ರತಿಯೊಂದರ ಟಿ ಮತ್ತು ಸಿ, ಪಲ್ಸ್‌ನ ಅಗಲ, ದರ, ಒಳಗಿನ ಮಟ್ಟದ ಗುಣಕ, ಸರಿದೂಗಿಸಲು ಕೊಟ್ಟ ಹೆಜ್ಜೆಗಳು ಇಷ್ಟೂ ಇರಬೇಕು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಇನ್ನೊಂದು ತಂಡ ಅದೇ ಪ್ರಯೋಗವನ್ನು ಮರಳಿ ಮಾಡಲಾಗುವುದಿಲ್ಲ.